ನಾಣ್ಯ ಟಂಕಸಾಲ್ಯಾಗ ಕೆಟ್ಟದ್ದೋ, ಮಂದಿ ಕೈಯಾಗ ಕೆಟ್ಟದ್ದೋ: ಗುರ್ತ ಹಿಡಿಯೋದು ಹೆಂಗ

ಹೋದ ತಿಂಗ್ಳ ಜೇವರ್ಗಿ ಕಡಿಯಿಂದ ಒಬ್ಬ ಹುಡುಗ ನಮ್ಮ ಅಂಗಡಿಗಿ ಬಂದಿದ್ದ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ನಂದೊಂದು ಸಣ್ಣ ಕಿರಾಣಿ ಅಂಗಡಿ ಅದ, ಹನ್ನೆರಡು ವರ್ಷದಿಂದ ಗಲ್ಲಾಕ್ಕ ಬರೋ ಚಿಲ್ಲರದಾಗ ಎರರ್ ನಾಣ್ಯ, ಅಂದ್ರ ಟಂಕಸಾಲ್ಯಾಗೇ ತಪ್ಪು ಆಗಿ ಬಂದ ನಾಣ್ಯ, ಹುಡುಕಿ ತೆಗ್ದಿಡ್ತೀನಿ, ಅದು ಯಾರೋ ಅವನಿಗಿ ಹೇಳ್ಯಾರ. ಕರ್ಚೀಫಿನಾಗ ನಾಕು ಮಡಿಕಿ ಮಾಡಿ ಒಂದು ಐದ್ರುಪಾಯಿ ನಾಣ್ಯ ಕಟ್ಕೊಂಡು ಬಂದಿದ್ದ. ಒಂದು ಕಡಿ ಸರಿ ಅದ, ಇನ್ನೊಂದು ಕಡಿ ಸಿಂಹದ ಮುಖ ಚಪ್ಪಟಿ ಆಗ್ಯಾದ, ಅಕ್ಷರ ಎಳ್ದಂಗ ಕಾಣ್ತಾವ. ಫೋನಿನಾಗ ಯಾರೋ ಇದು ಮಿಂಟ್ ಎರರ್, ಎರಡು ಲಕ್ಷ ಬರ್ತದ ಅಂದಾರ, ರಿಜಿಸ್ಟ್ರೇಷನ್ ಫೀಸು ಅಂತ 1,850 ರೂಪಾಯಿ ಆಗ್ಲೇ ಹಾಕ್ಸ್ಕೊಂಡಾರ. ಅದು ಕಲ್ಲಿನ ಮ್ಯಾಲ ಇಟ್ಟು ಸುತ್ತಿಗಿಲೆ ಹೊಡ್ದ ನಾಣ್ಯ. ನನಗ ತಿಳೀಲಾಕ ಅರ್ಧ ನಿಮಿಷ ಹಿಡೀತು, ಅವನ ಕಣ್ಣಿಗಿ ಕಾಣೋ ಹಂಗ ತೋರ್ಸ್ಲಾಕ ಅರ್ಧ ತಾಸು ಹಿಡೀತು. ಆ ಅರ್ಧ ತಾಸಿನ ಮಾತೇ ಇಲ್ಲಿ ಬರಿಲಕತ್ತೀನಿ, ನಮ್ ಕಡಿ ಹುಡುಗರು ಇನ್ನೊಬ್ರು ರೊಕ್ಕ ಕಳ್ಕೋಬಾರ್ದು ಅಂತ.

ಮೊದಲ ನಾಣ್ಯ ಹೆಂಗ ತಯಾರಾಗ್ತದ ತಿಳ್ಕೋರಿ

ಇದು ಬಿಟ್ಟು ಸೀದಾ ಎರರ್ ಹುಡುಕ್ಲಾಕ ಹೋದ್ರ ಪ್ರತಿ ಸೊಟ್ಟ ನಾಣ್ಯ ಲಕ್ಷದ್ದು ಅನಸ್ತದ. ಲೋಹದ ಉದ್ದನ ಪಟ್ಟಿ ಬರ್ತದ, ಮಷೀನ್ ಅದ್ರಾಗಿಂದ ದುಂಡಗ ಬಿಲ್ಲಿ ಕತ್ತರಿಸ್ತದ, ನಮ್ಮ ಮನ್ಯಾಗ ಹಿಟ್ಟಿನ ಹಾಳಿ ಮ್ಯಾಲ ವಾಟಿ ಒತ್ತಿ ಪೂರಿ ತೆಗಿತಾರಲ್ಲ, ಹಂಗ. ಇದಕ್ಕ ಬ್ಲಾಂಕ್ ಅಂತಾರ. ಆಮ್ಯಾಲ ಅದನ್ನ ಭಟ್ಟ್ಯಾಗ ಕಾಸಿ ಮೆತ್ತಗ ಮಾಡ್ತಾರ, ತೊಳಿತಾರ, ಅಂಚು ಒತ್ತಿ ಸುತ್ತ ಒಂದು ಏರು ಎಬ್ಬಿಸ್ತಾರ. ಕಡೀಗಿ ಪ್ರೆಸ್ಸಿಗಿ ಬರ್ತದ. ಅಲ್ಲಿ ಮ್ಯಾಲೊಂದು ಡೈ, ಅಂದ್ರ ಚಿತ್ರ ಕೊರ್ದ ಅಚ್ಚು, ಕೆಳಗೊಂದು ಡೈ, ಸುತ್ತ ಬಳಿ ಥರ ಒಂದು ಕಾಲರ್. ಟನ್ನುಗಟ್ಟಲೆ ಒತ್ತಡದಾಗ ಒಂದೇ ಪೆಟ್ಟು ಬೀಳ್ತದ, ಎರಡೂ ಮುಖ ಮತ್ತ ಅಂಚು ಮೂರೂ ಒಮ್ಮೆಗೇ ಮೂಡ್ತಾವ.

ಅಂದ್ರ ತಪ್ಪು ಆಗ್ಲಾಕ ಮೂರೇ ಜಾಗ ಅದ. ಬ್ಲಾಂಕ್ ಕೆಟ್ಟಿರ್ಬೇಕು, ಇಲ್ಲಾ ಡೈ ಕೆಟ್ಟಿರ್ಬೇಕು, ಇಲ್ಲಾ ಪೆಟ್ಟು ಬೀಳೋವಾಗ ಏನರ ಜಾರಿರ್ಬೇಕು. ನಿಮ್ಮ ಕೈಯಾಗಿನ ನಾಣ್ಯದ ಸೊಟ್ಟತನ ಈ ಮೂರ್ರಾಗ ಯಾವುದ್ರಿಂದ ಬಂತು ಅಂತ ಹೇಳ್ಲಾಕ ಬರ್ಬೇಕು. ಬರ್ಲಿಲ್ಲಂದ್ರ ಅದು ಹೊರಗ ಆದ ಡ್ಯಾಮೇಜ್ ಅಂತನೇ ಹಿಡೀರಿ. ನಾನು ಯಾವ ನಾಣ್ಯ ನೋಡಿದ್ರೂ ಮೊದಲ ಕೇಳೋ ಪ್ರಶ್ನೆ ಇದೇ, ಮಷೀನ್ ಇದನ್ನ ಹೆಂಗ ಮಾಡಿರ್ಬಹುದು?

ಇನ್ನೊಂದು ಮಾತು, ಇದು ಭಾಳ ಮುಖ್ಯ, ಎರಡು ಸಲ ಓದ್ರಿ. ಡೈಯಾಗ ಚಿತ್ರ ಉಲ್ಟಾ ಇರ್ತದ, ಮತ್ತ ಒಳಗ ಕೊರ್ದಿರ್ತದ. ಡೈಯಾಗ ತಗ್ಗು ಇದ್ದದ್ದು ನಾಣ್ಯದ ಮ್ಯಾಲ ಉಬ್ಬಿ ಬರ್ತದ. ಹಿಂಗಾಗಿ ಡೈ ಬಿರುಕು ಬಿಟ್ರ, ಡೈ ಮ್ಯಾಲ ಗೀರು ಬಿದ್ರ ನಾಣ್ಯದ ಮ್ಯಾಲ ಅದು ಉಬ್ಬಿದ ಗೆರಿ ಆಗೇ ಕಾಣ್ತದ. ನಾಣ್ಯಕ್ಕ ಹೊರಗ ಮೊಳಿ, ಕಲ್ಲು, ಕೀಲಿಕೈ ತಾಕಿದ್ರ ಆಗೋದು ತಗ್ಗಿನ ಗೀರು. ತಗ್ಗಿನ ಗೀರು ಹಿಡ್ಕೊಂಡು ಬಂದು ಡೈ ಕ್ರ್ಯಾಕ್ ಅನ್ನೋರು ನನಗ ವಾರಕ್ಕೊಬ್ರು ಸಿಗ್ತಾರ. ಬೀದರ್‌ದಾಗ ಬಿದ್ರಿ ಕೆಲಸ ಮಾಡೋರ ಮುಂದ ಹತ್ತು ನಿಮಿಷ ಕುಂತು ನೋಡಿದೋರಿಗಿ ಇದು ಬಾಯಿಲೆ ಹೇಳೋದೇ ಬ್ಯಾಡ, ಉಳಿ ಓಡಿದ ಕಡಿ ಲೋಹ ಎಲ್ಲಿಗೂ ಮಾಯ ಆಗಂಗಿಲ್ಲ, ಗೆರಿಯ ಎರಡೂ ದಂಡಿಗಿ ಸಣ್ಣಗ ಎದ್ದು ನಿಲ್ತದ. ನಾಣ್ಯದ ಮ್ಯಾಲಿನ ಗೀರಿನ ದಂಡಿ ಉಗುರಿಗಿ ತಾಕ್ತದ ಅಂದ್ರ ಅದು ನಾಣ್ಯ ಆದ ಮ್ಯಾಲ ಬಿದ್ದ ಗೀರು. ಟಂಕಸಾಲಿ ಪೆಟ್ಟಿನಾಗ ಆದ ಗುರ್ತಿನ ದಂಡಿ ಹಂಗ ಎದ್ದು ನಿಲ್ಲಂಗಿಲ್ಲ, ಯಾಕಂದ್ರ ಅದ್ರ ಮ್ಯಾಲೇ ಡೈ ಕುಂತು ಒತ್ತಿರ್ತದ.

ಸಾಮಾನು ಏನೇನ್ ಬೇಕು

ಭಾಳ ಏನಿಲ್ಲ. ಸರಾಫ ಬಜಾರ್‌ದಾಗ ಬಂಗಾರದೋರು ಕಣ್ಣಿಗಿ ಹಿಡ್ಕೋತಾರಲ್ಲ, ಹತ್ತು ಪಟ್ಟು ದೊಡ್ಡದು ತೋರ್ಸೋ ಸಣ್ಣ ಲೂಪ್, ಅದೊಂದು. ಗ್ರಾಮಿನ ನೂರನೇ ಭಾಗ ತೋರ್ಸೋ ಜೇಬು ತಕ್ಕಡಿ ಒಂದು. ಒಂದು ಮ್ಯಾಗ್ನೆಟ್, ಹಳಿ ಸ್ಪೀಕರ್‌ದು ಇದ್ರೂ ನಡೀತದ. ಎಲ್ಲಕ್ಕಿಂತ ಜರೂರಿ ಏನಪಾ ಅಂದ್ರ ಅದೇ ಬೆಲಿ, ಅದೇ ಡಿಸೈನ್, ಸಿಕ್ರ ಅದೇ ಇಸವಿಯ ಒಂದು ಸರಿ ನಾಣ್ಯ, ಪಕ್ಕದಾಗ ಇಟ್ಟು ನೋಡ್ಲಾಕ. ಬೆಳಕು ಮ್ಯಾಲಿಂದ ಬ್ಯಾಡ, ಅಡ್ಡ ಬೀಳ್ಬೇಕು. ನಾನು ಮುಂಜಾನಿ ಅಂಗಡಿ ಬಾಗ್ಲಾಗ ಬರೋ ಬಿಸಿಲಿನಾಗ ನೋಡ್ತೀನಿ, ರಾತ್ರಿ ಆದ್ರ ಫೋನಿನ ಟಾರ್ಚ್ ಟೇಬಲಿಗಿ ಸಮ ಹಿಡೀತೀನಿ, ಆಗ ಉಬ್ಬು ಯಾವುದು ತಗ್ಗು ಯಾವುದು ನೆರಳು ನೋಡಿದ್ರೇ ತಿಳೀತದ.

ಮೊದಲ್ನೇ ಹೆಜ್ಜಿ: ಇದು ಎರರ್ರೋ, ಡಿಸೈನೇ ಹಂಗ ಅದನೋ

ನನ್ನ ಹತ್ರ ಬಂದ ನಾಣ್ಯದಾಗ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಉದುರ್ತಾವ. ಹತ್ರುಪಾಯಿ ನಾಣ್ಯದ ಮ್ಯಾಲ ರೂಪಾಯಿ ಚಿಹ್ನೆ ಇಲ್ಲ, ಎರರ್ ಏನ್ರಿ ಅಂತ ಕೇಳ್ತಾರ. ರೂಪಾಯಿ ಚಿಹ್ನೆ ಸರ್ಕಾರ ಒಪ್ಪಿದ್ದೇ 2010ರಾಗ, ನಾಣ್ಯದ ಮ್ಯಾಲ ಬಂದದ್ದು 2011ರಿಂದ, ಅದಕ್ಕೂ ಹಿಂದಿನ ನಾಣ್ಯದ ಮ್ಯಾಲ ಅದು ಎಲ್ಲಿಂದ ಬರ್ಬೇಕು? ಹತ್ರುಪಾಯಿದು 14 ಡಿಸೈನ್ ಅವ, ಎಲ್ಲಾ ನಡೀತಾವ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿದಾಗ ಹೇಳ್ಯಾದ. ನಮ್ ಕಡಿ ಅಂಗಡ್ಯಾಗ ಹತ್ರ ಬಿಲ್ಲಿ ಬ್ಯಾಡ ಅನ್ನೋರು ಇನ್ನೂ ಸಿಗ್ತಾರ, ಅದು ಬರೀ ಅಂಜಿಕಿ, ನಾಣ್ಯದ ತಪ್ಪಲ್ಲ.

ಇಸವಿ ಕೆಳಗ ಚುಕ್ಕಿ ಅದ, ಚಿಕ್ಕಿ ಅದ, ಡೈಮಂಡ್ ಅದ ಅಂತ ಬರ್ತಾರ. ಅವು ಟಂಕಸಾಲಿ ಗುರ್ತು. ಡೈಮಂಡ್ ಇದ್ರ ಮುಂಬೈ, ಐದು ಮೂಲಿ ಚಿಕ್ಕಿ ಇದ್ರ ಹೈದರಾಬಾದ್, ದುಂಡನ ಚುಕ್ಕಿ ಇದ್ರ ನೋಯ್ಡಾ, ಏನೂ ಇಲ್ಲಾಂದ್ರ ಕೋಲ್ಕತ್ತಾ. ಕಲಬುರಗಿಗಿ ಹೈದರಾಬಾದ್ ಹತ್ರ ಆಗ್ತದಲ್ಲ, ನನ್ನ ಗಲ್ಲಾದಾಗ ಚಿಕ್ಕಿ ಇದ್ದ ನಾಣ್ಯ ಭಾಳ ಬೀಳ್ತಾವ. 2000ದ ಆಸುಪಾಸು ನಮ್ಮ ನಾಣ್ಯ ಹೊರದೇಶದಾಗೂ ಹೊಡಿಸ್ಯಾರ, ಮಾಸ್ಕೋದಾಗ ಆದದ್ರ ಮ್ಯಾಲ ರಷ್ಯನ್ ಅಕ್ಷರ ಇರ್ತದ, ಅದನ್ನ ತಪ್ಪು ಪ್ರಿಂಟ್ ಅನ್ಕೋಬ್ಯಾಡ್ರಿ. ಅಡ್ಡ-ಉದ್ದ ಗೆರಿ ಕೂಡಿದ 2006ರ ಎರಡ್ರುಪಾಯಿ, ಬಟ್ಟು ಎತ್ತಿದ ಕೈ ಇದ್ದ ಒಂದ್ರುಪಾಯಿ, ಇವೂ ಡಿಸೈನೇ. ವೈಷ್ಣೋದೇವಿ ನಾಣ್ಯ 2012ರಾಗ ಆ ದೇವಸ್ಥಾನ ಮಂಡಳಿ ರಜತ ಮಹೋತ್ಸವಕ್ಕ ಐದ್ರುಪಾಯಿ, ಹತ್ರುಪಾಯಿಲೆ ತೆಗ್ದದ್ದು, ದೇಶದ ತುಂಬ ಓಡಾಡ್ಯಾವ, ಅದಕ್ಕ ಲಕ್ಷ ಕೊಡ್ತೀವಿ ಅನ್ನೋರು ನಿಮ್ಮ ಕಡಿಂದ ಫೀಸು ತೊಗೊಳ್ಳಾಕ ಬಂದೋರು.

ಒಂದ್ರುಪಾಯಿ ಎರಡ್ರುಪಾಯಿ ಗೊಂದಲ ಬ್ಯಾರೇ ಅದ. 1992ರಿಂದ ಬಂದ ಸ್ಟೀಲಿನ ಒಂದ್ರುಪಾಯಿ 25 ಮಿಲಿಮೀಟರ್, 4.85 ಗ್ರಾಮ್. 2011ರಿಂದ ಬಂದ ಎರಡ್ರುಪಾಯಿನೂ ಅಷ್ಟೇ ಅಗಲ, ಅಷ್ಟೇ ತೂಕ. ಕತ್ತಲಾಗ ಕೈಲೆ ಮುಟ್ಟಿ ಚಿಲ್ಲರ ಕೊಡೋವಾಗ ನಾನೂ ಎಷ್ಟೋ ಸಲ ತಪ್ಪು ಕೊಟ್ಟೀನಿ. ಹಿಂಗಾಗಿ ಒಂದ್ರುಪಾಯಿ ದೊಡ್ಡದು ಆಗ್ಯಾದ ಅನ್ನೋ ಮಾತು ಬಂದ್ರ ಮೊದಲ ಇಸವಿ ನೋಡ್ರಿ.

ಎರಡನೇ ಹೆಜ್ಜಿ: ತೂಗ್ರಿ, ಮ್ಯಾಗ್ನೆಟ್ ಹಚ್ರಿ

2011ರ ಸೀರೀಸ್‌ದಾಗ ಒಂದ್ರುಪಾಯಿ 3.79 ಗ್ರಾಮ್, ಐದ್ರುಪಾಯಿ 6 ಗ್ರಾಮ್. ಎರಡು ಬಣ್ಣದ ಹತ್ರುಪಾಯಿ 7.71, 2020ರಾಗ ಕೈಗಿ ಬಂದ ಹನ್ನೆರಡು ಮೂಲಿ ಇಪ್ಪತ್ರುಪಾಯಿ 8.54. ಹಳಿ ದಪ್ಪನ ಐದ್ರುಪಾಯಿ, ಬೆಳ್ಳನ್ನದು, 9 ಗ್ರಾಮ್. ಸ್ಟೀಲ್ ನಾಣ್ಯ ಮ್ಯಾಗ್ನೆಟ್ಟಿಗಿ ಹತ್ತಾವ, ತಾಮ್ರ-ನಿಕ್ಕಲ್ ಕೂಡಿದ ಹಳಿ ಎರಡ್ರುಪಾಯಿ ಐದ್ರುಪಾಯಿ ಹತ್ತಂಗಿಲ್ಲ. ಪಾಯಿಂಟಿನ ಲೆಕ್ಕದಾಗ ಸಣ್ಣ ಹೆಚ್ಚುಕಮ್ಮಿ ಹೊಸ ನಾಣ್ಯದಾಗೂ ಇರ್ತದ, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ.

ತೂಕ ಏನ್ ಹೇಳ್ತದ ಅಂದ್ರ, ಲೋಹ ಹೋಗ್ಯಾದೋ ಬರೇ ಜಾಗ ಬದಲಿ ಮಾಡ್ಯಾದೋ ಅಂತ. ಒರಸುಗಲ್ಲಿಗಿ ತಿಕ್ಕಿದ್ದು, ಕಾನಸಿಲೆ ಉಜ್ಜಿದ್ದು, ಆಸಿಡ್‌ದಾಗ ಹಾಕಿದ್ದು, ಇವೆಲ್ಲ ತೂಕ ಕಮ್ಮಿ. ಸುತ್ತಿಗಿ ಪೆಟ್ಟು, ರೈಲಿನ ಗಾಲಿ, ಇವು ನಾಣ್ಯ ಎಷ್ಟೇ ಹಾಳ್ ಮಾಡ್ಲಿ ತೂಕ ಹಂಗೇ ಇರ್ತದ. ಅದಕ್ಕ ತೂಕ ಸರಿ ಅದ ಅಂದ ಮಾತ್ರಕ್ಕ ಎರರ್ ಖರೆ ಅಂತ ತಿಳೀಬ್ಯಾಡ್ರಿ, ಹುಡುಗ ತಂದ ನಾಣ್ಯ ತಕ್ಕಡ್ಯಾಗ ಬರೋಬ್ಬರಿ ಇತ್ತು.

ಮೂರನೇ ಹೆಜ್ಜಿ: ಅಂಚು ತಿಂದಂಗ ಇದ್ರ

ಇದಕ್ಕ ಕ್ಲಿಪ್ ಅಂತಾರ, ನನ್ನ ಮನಸ್ಸಿಗಿ ಭಾಳ ಹಿಡ್ಸಿದ ಎರರ್ ಇದು. ಪಟ್ಟಿ ಮುಂದ ಸರಿಯೋವಾಗ ಸ್ವಲ್ಪ ತಡ ಮಾಡಿದ್ರ ಕತ್ತರಿ ಈಗಾಗ್ಲೇ ಕತ್ತರಿಸಿದ ತೂತಿನ ಮ್ಯಾಲೇ ಬೀಳ್ತದ, ಆಗ ಬ್ಲಾಂಕಿಗಿ ಒಂದು ಕಡಿ ಚಂದ್ರನ ಆಕಾರದಾಗ ಕಚ್ಚಿದಂಗ ಆಗ್ತದ. ಪೂರಿ ಒತ್ತೋವಾಗ ಹಿಂದಿನ ತೂತಿಗಿ ತಾಕ್ಸಿ ಒತ್ತಿದ್ರ ಹೆಂಗ ಬರ್ತದೋ ಹಂಗೇ.

ಖರೆ ಕ್ಲಿಪ್ ಗುರ್ತ ಹಿಡೀಲಾಕ ಕಚ್ಚಿದ ಜಾಗ ನೋಡೋದಕ್ಕಿಂತ ಅದ್ರ ಎದುರಿನ ದಂಡಿ ನೋಡ್ರಿ. ಕ್ಲಿಪ್ ಆದದ್ದು ಅಂಚು ಒತ್ತೋದಕ್ಕಿಂತ ಮೊದಲ. ಅಂಚು ಒತ್ತೋ ಮಷೀನ್ ಎರಡೂ ಕಡಿಂದ ಅಮುಕಿ ಉರುಳಿಸ್ತದ, ಒಂದು ಕಡಿ ಲೋಹನೇ ಇಲ್ಲ ಅಂದ್ಮ್ಯಾಲ ಎದುರಿನ ಕಡಿನೂ ಒತ್ತಡ ಬೀಳಂಗಿಲ್ಲ, ಹಿಂಗಾಗಿ ಕ್ಲಿಪ್ಪಿನ ನೆಟ್ಟಗ ಎದುರಿಗಿ ಏರು ತೆಳ್ಳಗ, ಮಬ್ಬು ಆಗಿರ್ತದ. ಇದು ಪ್ರತಿ ಕ್ಲಿಪ್ಪಿನಾಗೂ ಎದ್ದು ಕಾಣ್ತದ ಅಂತಲ್ಲ, ಸಣ್ಣ ಕ್ಲಿಪ್ ಇದ್ರ ಕಾಣ್ಲಿಕ್ಕಿಲ್ಲ, ಆದ್ರ ಕಂಡ್ರ ಅದು ಭಾಳ ಗಟ್ಟಿ ಸಾಕ್ಷಿ, ಮನ್ಯಾಗ ಕುಂತು ಕತ್ತರಿ ಆಡ್ಸೋನಿಗಿ ಎದುರಿನ ದಂಡಿ ಮೆತ್ತಗ ಮಾಡ್ಬೇಕು ಅನ್ನೋದೇ ಗೊತ್ತಿರಂಗಿಲ್ಲ. ಇನ್ನೊಂದು, ಖರೆ ಕ್ಲಿಪ್ಪಿನ ಹತ್ರದ ಅಕ್ಷರ ಖಾಲಿ ಜಾಗದ ಕಡಿ ಸ್ವಲ್ಪ ಎಳ್ಕೊಂಡು ಮೆತ್ತಗ ಆಗಿರ್ತಾವ, ಯಾಕಂದ್ರ ಪೆಟ್ಟು ಬೀಳೋವಾಗ ಲೋಹ ಆ ಕಡಿ ಹರಿದಿರ್ತದ. ಹೊರಗ ಕತ್ತರಿಸಿದ್ರಾಗ ಅಕ್ಷರ ಚಾಕುಲೆ ಕೊಯ್ದಂಗ ಥಟ್ಟನೆ ನಿಂತಿರ್ತದ, ಕತ್ತರಿಸಿದ ಅಂಚಿನ ಮ್ಯಾಲ ಗರಗಸದ ಹಲ್ಲಿನ ಗುರ್ತು, ಇಲ್ಲಾ ಕಾನಸಿನ ಸಮಾನ ಗೀರು ಲೂಪಿನಾಗ ಕಾಣ್ತಾವ.

ನಾಕನೇದು: ಚಿತ್ರ ಒಂದು ಕಡಿ ಸರಿದಿದ್ರ, ನಾಣ್ಯ ಅಗಲ ಆಗಿದ್ರ

ಬ್ಲಾಂಕ್ ಕಾಲರಿನಾಗ ಸರಿ ಕೂಡ್ಲಿಲ್ಲ ಅಂದ್ರ ಡೈ ಅರ್ಧ ಮ್ಯಾಲೇ ಬೀಳ್ತದ, ಇದು ಆಫ್ ಸೆಂಟರ್. ಚಿತ್ರ ಬಿದ್ದ ಕಡಿ ಚೂಪಗ, ಸಾಫ್ ಮೂಡಿರ್ತದ, ಬೀಳದ ಕಡಿ ಬರೀ ಬ್ಲಾಂಕಿನ ನುಣುಪು ಜಾಗ. ತಿರುವಿ ನೋಡಿದ್ರ ಹಿಂದಿನ ಮುಖದಾಗೂ ಖಾಲಿ ಜಾಗ ಅದೇ ಕಡಿ ಇರ್ತದ. ಕಾಲರ್ ಕೆಲಸಾನೇ ಮಾಡ್ಲಿಲ್ಲ ಅಂದ್ರ ನಾಣ್ಯ ಸುತ್ತಲೂ ಹರಡಿ ಅಗಲ ಆಗ್ತದ, ನಡುವಿನ ಚಿತ್ರ ಸಾಫ್ ಇರ್ತದ, ಏರು ಇರಂಗಿಲ್ಲ.

ಇದನ್ನ ರೈಲಿನ ನಾಣ್ಯದ ಜೋಡಿ ಕಲಸಬ್ಯಾಡ್ರಿ. ವಾಡಿ, ಶಹಾಬಾದ್ ಕಡಿ ಬೆಳ್ದೋರು ಸಣ್ಣೋರಿದ್ದಾಗ ಹಳಿ ಮ್ಯಾಲ ನಾಣ್ಯ ಇಟ್ಟು ಗೂಡ್ಸ್ ಗಾಡಿ ಹಾಯೋದು ಕಾಯ್ದಿರ್ತಾರ, ಅದು ಜೀವಕ್ಕ ಅಪಾಯದ ಆಟ, ಈಗಿನ ಹುಡುಗರಿಗಿ ಬ್ಯಾಡ ಅಂತ ಹೇಳ್ರಿ. ಆ ನಾಣ್ಯ ಮೊಟ್ಟಿ ಆಕಾರ ಆಗಿ ಒಂದೇ ದಿಕ್ಕಿಗಿ ಎಳ್ದಿರ್ತದ, ತೆಳ್ಳಗಾಗಿರ್ತದ, ಅಕ್ಷರ ಎಲ್ಲಾ ಕಡಿ ಒಂದೇ ಸಮ ಮಸುಕು. ಟಂಕಸಾಲಿ ತಪ್ಪಿನಾಗ ಎಲ್ಲಿ ಚಿತ್ರ ಅದನೋ ಅಲ್ಲಿ ಚಿತ್ರ ಬರೋಬ್ಬರಿ ಇರ್ತದ. ನಮ್ ಕಡಿ ಮತ್ತೊಂದು ಥರ ಸಿಗ್ತದ, ಏಪ್ರಿಲ್-ಮೇ ಬಿಸಲಾಗ ಡಾಂಬರು ಮೆತ್ತಗಾಗಿ ರೋಡಿನಾಗ ಹೂತ ನಾಣ್ಯ, ಲಾರಿ ಹಾಯ್ದು ಹಾಯ್ದು ಖಡಿ ಕಲ್ಲಿನ ಗುಳಿ ಬಿದ್ದಿರ್ತಾವ, ಕಪ್ಪಗ ಆಗಿರ್ತದ. ಗುಳಿ ತಳದಾಗ ಲೂಪ್ ಹಿಡಿದ್ರ ಮೊದ್ಲಿನ ಅಕ್ಷರದ ತುಣುಕು ಚಪ್ಪಟಿ ಆಗಿ ಇನ್ನೂ ಕಾಣ್ತದ, ಅಷ್ಟೇ ಸಾಕು.

ಐದನೇದು: ಲಾಖಿ, ಇದ್ರಾಗ ನಾನೇ ಮೋಸ ಹೋದವ

ಒಂದು ಕಡಿ ಸರಿ ಚಿತ್ರ, ಇನ್ನೊಂದು ಕಡಿ ಅದೇ ಚಿತ್ರ ಕನ್ನಡಿಯಾಗ ಕಂಡಂಗ ಉಲ್ಟಾ, ಮತ್ತ ಒಳಗ ಇಳ್ದಿರ್ತದ. ಇದಕ್ಕ ನಾಣ್ಯದ ಮಂದಿ ಲಾಖಿ ಅಂತಾರ, ಬ್ರಾಕೇಜ್ ಅಂತಲೂ ಅಂತಾರ. ಹೊಡ್ದ ನಾಣ್ಯ ಹೊರಗ ಬೀಳ್ದೆ ಡೈಗೇ ಅಂಟ್ಕೊಂಡ್ರ ಮುಂದ ಬಂದ ಬ್ಲಾಂಕಿಗಿ ಒಂದು ಕಡಿ ಡೈ ಬದಲಿಗಿ ಆ ನಾಣ್ಯನೇ ಒತ್ತಿ ಅಚ್ಚು ಬೀಳಿಸ್ತದ. ಜನ ಇದಕ್ಕ ಒಳ್ಳೆ ಬೆಲಿ ಕೊಡ್ತಾರ, ಅದಕ್ಕೇ ನಕಲಿನೂ ಭಾಳ.

ಏಳೆಂಟು ವರ್ಷದ ಹಿಂದ ಒಂದು ಪ್ರದರ್ಶನದಾಗ ಒಬ್ಬ ವ್ಯಾಪಾರಿ ಕಡಿ 1,500 ರೂಪಾಯಿ ಕೊಟ್ಟು ಒಂದು ಲಾಖಿ ಎರಡ್ರುಪಾಯಿ ತೊಗೊಂಡೆ. ಮನಿಗಿ ಬಂದು ಅಡ್ಡ ಬೆಳಕಿನಾಗ ಹಿಡ್ದಾಗ ಎದಿ ಧಸಕ್ ಅಂತು. ಉಲ್ಟಾ ಸಿಂಹದ ಅಚ್ಚಿನ ಕೆಳಗ ಆ ಮುಖದ ಮೊದ್ಲಿನ ಅಂಕಿ ಎರಡು ಚಪ್ಪಟಿ ಆಗಿ ಇನ್ನೂ ಇತ್ತು. ಎರಡು ಸರಿ ನಾಣ್ಯ ಒಂದ್ರ ಮ್ಯಾಲೊಂದು ಇಟ್ಟು ವೈಸು ಅನ್ನೋ ಕಬ್ಬಿಣದ ಹಿಡಿಕಿಯಾಗ ಬಿಗಿದು ಮಾಡಿದ್ದು ಅದು. ಖರೆ ಲಾಖಿಯಾಗ ಆ ಕಡಿಗಿ ಇನ್ನೊಂದು ಡೈ ಚಿತ್ರ ಬೀಳೋ ಅವಕಾಶನೇ ಇರ್ಲಿಲ್ಲಲ್ಲ, ಹಂಗಾಗಿ ಹಿಂದಿನ ಚಿತ್ರದ ಕುರುಹು ಒಂದೂ ಇರಬಾರ್ದು. ಜೋಡಿಗೇ ಸರಿ ಇದ್ದ ಮುಖನೂ ನೋಡ್ರಿ. ವೈಸಿನಾಗ ಬಿಗಿದ್ರ ಆ ಮುಖದ ಎತ್ತರದ ಜಾಗ, ಸಿಂಹದ ಎದಿ, ಅಕ್ಷರದ ತಲಿ, ಇವೆಲ್ಲ ಅಮುಕಿ ಮಟ್ಟಸ ಆಗಿ ಹೊಳಿತಿರ್ತಾವ. ಖರೆದ್ರಾಗ ಆ ಮುಖ ಹೊಸ ನಾಣ್ಯದಂಗ ತುಂಬಿ ನಿಂತಿರ್ತದ. ಉಲ್ಟಾ ಅಚ್ಚೂ ಅಷ್ಟೇ, ಖರೆದ್ರಾಗ ಅಂಚಿನ ತನಕ ಆಳವಾಗಿ ಪೂರ್ತಿ ಬಿದ್ದಿರ್ತದ, ನಕಲಿಯಾಗ ನಡುವ ಮಾತ್ರ ಬಿದ್ದು ದಂಡಿಗಿ ಮಾಯ. ಪೂರ್ತಿ ಚಿತ್ರ ಬೀಳದ ಖರೆ ಲಾಖಿನೂ ಅವ, ಅವುಗಳ ಕತಿ ಬ್ಯಾರೆ, ಅಂಥಾದ್ದು ಸಿಕ್ರ ಬಲ್ಲೋರ ಕೈಗಿ ಕೊಟ್ಟು ತೋರ್ಸೋದೇ ಒಳ್ಳೇದು.

ಅಕ್ಷರ ಡಬಲ್ ಕಂಡ್ರ, ಅಕ್ಷರ ಮಾಯ ಆದ್ರ

ಡಬಲ್ ಕಾಣೋದ್ರಾಗ ಎರಡು ಥರ. ಡೈ ತಯಾರು ಮಾಡೋವಾಗ್ಲೇ ಚಿತ್ರ ಎರಡು ಸಲ ಬಿದ್ದಿದ್ರ ಎರಡೂ ಅಕ್ಷರ ಒಂದೇ ಎತ್ತರಕ್ಕ, ದುಂಡಗ, ಮೂಲಿಗಿ ಸಣ್ಣ ಸೀಳು ಬಿಟ್ಟು ನಿಂತಿರ್ತಾವ. ಇದು ಡಬಲ್ ಡೈ, ಸಿಗೋದು ಕಮ್ಮಿ. ನಮಗ ದಿನಾ ಸಿಗೋದು ಮಷೀನ್ ಡಬಲ್, ಪೆಟ್ಟು ಬಿದ್ದ ಕೂಡ್ಲೇ ಸಡಲಾದ ಡೈ ಒಂದು ಸ್ವಲ್ಪ ಜಾರಿ ಅಕ್ಷರದ ಪಕ್ಕಕ್ಕ ಒರಸ್ತದ. ಅದು ಕಟ್ಟಿ ಪಾವಟಿಗಿಯಂಗ ಚಪ್ಪಟಿ, ತಳಕ್ಕ, ಹೊಳಿತಿರ್ತದ, ಅಕ್ಷರದ ಅಗಲನೇ ತಿಂದಿರ್ತದ. ಇದು ಟಂಕಸಾಲಿಯಾಗೇ ಆದದ್ದು ಖರೆ, ಆದ್ರ ಜಾಸ್ತಿ ಬೆಲಿ ಯಾರೂ ಕೊಡಂಗಿಲ್ಲ, ಎಷ್ಟೋ ಮಂದಿ ಎರರ್ ಅಂತ ಎಣಿಸೋದೇ ಇಲ್ಲ. ನಾನು ಒಂದು ಡಬ್ಬಿ ತುಂಬ ಇಟ್ಟಿದ್ದೆ, ಈಗ ಎಲ್ಲಾ ಚಿಲ್ಲರದಾಗ ಬಿಟ್ಟೀನಿ.

ಅಕ್ಷರ, ಇಸವಿ ಮಾಯ ಆಗಿದ್ರ ಮೂರು ಕಾರಣ ಇರ್ತಾವ, ಬಿಡಿಸಿ ನೋಡ್ಬೇಕು. ಡೈಯ ತಗ್ಗಿನಾಗ ಗ್ರೀಸು, ಧೂಳು ತುಂಬ್ಕೊಂಡ್ರ ಅಲ್ಲಿ ಲೋಹ ಏರಂಗಿಲ್ಲ, ಅಕ್ಷರ ಹಂಗಹಂಗೇ ಮಸುಕಾಗಿ ಕಳ್ದು ಹೋಗಿರ್ತದ, ಆ ಜಾಗದ ನೆಲ ಮಾತ್ರ ಸುತ್ತಲಿನ ನೆಲದಷ್ಟೇ ಮಟ್ಟ, ಅದೇ ಬಣ್ಣ, ಅದೇ ಚರ್ಮ. ಇದು ಖರೆ ಎರರ್, ಸಣ್ಣದು. ಎರಡನೇದು ಸವೆತ. ಕೈಯಿಂದ ಕೈಗಿ ಓಡಾಡಿ ಸವೆದದ್ದು ಯಾವಾಗ್ಲೂ ಎತ್ತರದ ಜಾಗದಿಂದನೇ ಶುರು ಆಗ್ತದ, ಏರು, ಸಿಂಹದ ಎದಿ, ದೊಡ್ಡ ಅಂಕಿ. ಏರು ಚೂಪಗ ಇದ್ದು ತಗ್ಗಿನಾಗಿನ ಸಣ್ಣ ಇಸವಿ ಅಷ್ಟೇ ಹೋಗ್ಯಾದ ಅಂದ್ರ ಅದು ಸವೆತ ಅಲ್ಲ. ಮೂರನೇದು ಬೇಕಂತ್ಲೇ ತಿಕ್ಕಿದ್ದು. ನಮ್ಮ ಮನಿ ಮನಿಗೂ ಶಹಾಬಾದ್ ಫರ್ಸಿ ಅದ, ಅದ್ರ ಮ್ಯಾಲ ಐದು ನಿಮಿಷ ತಿಕ್ಕಿದ್ರ ಒಂದು ಮುಖ ಪೂರ್ತಿ ಸಪಾಟ ಆಗ್ತದ. ಅಂಥಾ ನಾಣ್ಯ ಒಂದು ಕಡಿ ಚಿತ್ರನೇ ಇಲ್ಲ ಅಂತ ತರ್ತಾರ. ಲೂಪಿನಾಗ ಒಂದೇ ದಿಕ್ಕಿನ ಸಣ್ಣ ಗೀರು ಸಾವಿರ ಕಾಣ್ತಾವ, ತೂಕ ಕಮ್ಮಿ, ಆ ಕಡಿಗಿ ಏರು ಇಲ್ಲ. ತಕ್ಕಡಿ ಒಂದೇ ಸಾಕು ಇದಕ್ಕ.

ಎರಡು ಬಣ್ಣದ ಹತ್ರುಪಾಯಿ, ಇಪ್ಪತ್ರುಪಾಯಿ

ನಡುವಿನ ಬಿಲ್ಲಿ ಮತ್ತ ಹೊರಗಿನ ಬಳಿ, ಎರಡೂ ಬ್ಯಾರೆ ಬ್ಯಾರೆ ಬ್ಲಾಂಕ್, ಪ್ರೆಸ್ಸಿನ ಪೆಟ್ಟಿನಾಗೇ ಒಂದಕ್ಕೊಂದು ಹಿಡ್ಕೋತಾವ. ನಡುವಿನ ಬಿಲ್ಲಿ ಸರಿದು ಕುಂತಿದ್ರ ಡೈ ಚಿತ್ರ ನೋಡ್ರಿ, ಖರೆ ಎರರ್ ಆದ್ರ ಬಿಲ್ಲಿ ಸರಿದ್ರೂ ಅಕ್ಷರ, ಗೆರಿ ಬಿಲ್ಲಿಯಿಂದ ಬಳಿಗಿ ಮುರೀದೆ ಹಾಯ್ದು ಹೋಗಿರ್ತಾವ, ಯಾಕಂದ್ರ ಸರಿದ ಮ್ಯಾಲೇ ಪೆಟ್ಟು ಬಿದ್ದದ್ದು. ನಡುವಿನ ಬಿಲ್ಲಿನೇ ಇಲ್ಲದ ಬಳಿ ಸಿಕ್ರ ತೂತಿನ ಒಳ ಅಂಚು ನೋಡ್ರಿ. ಬಿಲ್ಲಿ ಇಲ್ಲದೇ ಪೆಟ್ಟು ಬಿದ್ದಿದ್ರ ಲೋಹ ಒಳಗ ಹರಿದು ಅಂಚು ದುಂಡಗ ಮೆತ್ತಗ ಆಗಿರ್ತದ, ಹೊರಗ ಬಿಲ್ಲಿ ಹೊಡ್ದು ಬೀಳಿಸಿದ್ರ ಬಿಲ್ಲಿ ಕಚ್ಚಿ ಕುಂತಿದ್ದ ತೋಡು, ಉಳಿ ತಾಕಿದ ಗುರ್ತು ಹಂಗೇ ಉಳ್ದಿರ್ತದ. ಬಿಲ್ಲಿ ಉಲ್ಟಾ ಕುಂತದ, ಮುಂದಿನ ಚಿತ್ರ ಹಿಂದ ಬಂದದ ಅಂತ ಮಾರೋರು ಅವ್ರೇ ಕಾಸಿ ಬಿಲ್ಲಿ ಹೊರಗ ಹಾಕಿ ತಿರುವಿ ಕೂಡ್ಸಿರ್ತಾರ. ಮಷೀನಿನಾಗ ಇದು ಆಗ್ಲಾಕ ಸಾಧ್ಯನೇ ಇಲ್ಲ, ಬಿಲ್ಲಿ ಕೂತಾಗ ಅದ್ರ ಮ್ಯಾಲ ಚಿತ್ರನೇ ಇರಂಗಿಲ್ಲಲ್ಲ!

ತಿರುಗಿದ ಚಿತ್ರ

ಇದು ಹೊಸಬರಿಗಿ ಎಲ್ಲಕ್ಕಿಂತ ಸರಳ. ನಾಣ್ಯದ ಸಿಂಹ ನೆಟ್ಟಗ ನಿಲ್ಲೋ ಹಂಗ ಮ್ಯಾಲ-ಕೆಳಗ ಎರಡು ಬಟ್ಟಿನಾಗ ಹಿಡೀರಿ, ಬಾಗ್ಲಾ ತೆಗ್ದಂಗ ಅಡ್ಡ ತಿರುವ್ರಿ. ನಮ್ಮ ದೇಶದ ಈಗಿನ ನಾಣ್ಯದಾಗ ಹಿಂದಿನ ಚಿತ್ರನೂ ನೆಟ್ಟಗ ಬರ್ಬೇಕು. ಒಂದು ಕೂದಲೆಳಿ ಅತ್ತಿತ್ತ ಸಾಮಾನ್ಯ, ಅಡ್ಡ ಮಲಗಿದ್ರ ಇಲ್ಲಾ ತಲಿಕೆಳಗಾಗಿದ್ರ ತೆಗ್ದಿಡ್ರಿ. ಡೈ ಸಡಲಾಗಿ ತಿರುಗಿದ್ರ ಮಾತ್ರ ಇದು ಆಗ್ತದ, ಸುತ್ತಿಗಿಲೆ ಆಗೋ ಮಾತಲ್ಲ. ಎರಡು ನಾಣ್ಯ ಕೊರ್ದು ಜೋಡಿಸಿದ ನಕಲಿ ಇರಬಹುದು, ಅಂಚಿನ ಮ್ಯಾಲ ಉಗುರು ಆಡ್ಸಿ ಬೆಸುಗಿ ಗೆರಿ ಅದನೋ ನೋಡ್ರಿ.

ಬಣ್ಣ ಬದಲಾಗಿದ್ರ ಅಂತೂ ನೂರಕ್ಕ ತೊಂಬತ್ತೊಂಬತ್ತು ಹೊರಗಿನದೇ ಅನ್ಕೋರಿ. ಹುಂಡಿಯಾಗಿನ ಕುಂಕುಮ ಎಣ್ಣಿ, ಭೀಮಾ ನದಿಗಿ ರೈಲಿನಾಗಿಂದ ಮಂದಿ ಒಗೆದು ವರ್ಷಗಟ್ಟಲೆ ಉಸುಕಿನಾಗ ಬಿದ್ದದ್ದು, ಒಲಿಯಾಗ ಬಿದ್ದು ನೀಲಿ ಆದದ್ದು, ಬಂಗಾರದ ನೀರು ಕುಡಿಸಿದ್ದು.

ಹಳಿ ನಾಣ್ಯಕ್ಕ ಈ ಲೆಕ್ಕ ಬ್ಯಾರೆ

ನಮ್ ಕಡಿ ಹಳಿ ಮನಿ ಕೆಡವೋವಾಗ ತಾಮ್ರದ ದಪ್ಪನ ಬಿಲ್ಲಿ ಸಿಗ್ತಾವ, ಬಹಮನಿ ಕಾಲದ್ದು ಅಂತ ತಂದು ಚಿತ್ರ ಒಂದು ಕಡಿ ಸರಿದದ, ಭಾರೀ ಎರರ್ ಅಂತಾರ. 1347ರಾಗ ಇದೇ ಕಲಬುರಗಿ ರಾಜಧಾನಿ ಆಗಿತ್ತು, ನಾಣ್ಯದ ಮ್ಯಾಲ ಅಹಸನಾಬಾದ್ ಅಂತ ಹೆಸರು ಬರ್ತದ, ಮುಂದ ಬೀದರ್ ರಾಜಧಾನಿ ಆದ ಮ್ಯಾಲ ಮುಹಮ್ಮದಾಬಾದ್. ಆಗ ನಾಣ್ಯ ಕೈಲೆ ಹೊಡೀತಿದ್ರು, ಅಚ್ಚು ದೊಡ್ಡದು, ತಾಮ್ರದ ತುಂಡು ಸಣ್ಣದು, ಅಕ್ಷರ ಪೂರ್ತಿ ಬಿದ್ದ ನಾಣ್ಯ ಸಿಕ್ಕ್ರನೇ ಅದು ವಿಶೇಷ. ಸರಿದಿದ್ದು, ಸೊಟ್ಟ ಇದ್ದದ್ದು, ಅಂಚು ಸೀಳಿದ್ದು, ಇವೆಲ್ಲ ಆ ಕಾಲದ ಸಹಜ ರೂಪ. ಬೆಳ್ಳಿ ರೂಪಾಯಿ ಮ್ಯಾಲಿನ ಸಣ್ಣ ಸಣ್ಣ ಉಳಿ ಗುರ್ತು ಸರಾಫರು ಬೆಳ್ಳಿ ಖರೆ ಹೌದೋ ಅಲ್ಲೋ ನೋಡ್ಲಾಕ ಹೊಡ್ದದ್ದು. 1943ರಿಂದ 47ರ ತನಕ ಬಂದ ತೂತಿನ ಕಾಸಿಗಿ ತೂತು ಹುಟ್ಟಿನಿಂದನೇ ಅದ, ತೂತಿನ ಸುತ್ತ ಚಿತ್ರ ಅದಕ್ಕ ಹೊಂದಿಸೇ ಮಾಡ್ಯಾರ. ನಿಜಾಮರ ಚಾರ್‌ಮಿನಾರ್ ಚಿತ್ರದ ಬೆಳ್ಳಿ ರೂಪಾಯಿ ಮ್ಯಾಲ ಅಕ್ಷರ ಕೊಯ್ದು ತೂತು ಬಿದ್ದಿದ್ರ ಅದು ಯಾವ್ದೋ ಅಜ್ಜಿ ಕೊರಳಾಗಿನ ಸರದಾಗ ಇದ್ದದ್ದು. ಮತ್ತ ಹೊಲದಾಗ ಹೂತಿಟ್ಟ ನಿಧಿ ಸಿಕ್ರ ಸರ್ಕಾರಕ್ಕ ತಿಳಿಸೋದು ಕಾನೂನು, ಮುಚ್ಚಿಡಬ್ಯಾಡ್ರಿ.

ಎರರ್ ಖರೆ ಅನಸಿದ ಮ್ಯಾಲ

ತೊಳಿಬ್ಯಾಡ್ರಿ. ಹುಣಸಿಹಣ್ಣು ಹಚ್ಚಿ ತಿಕ್ಕೋದು, ಪೇಸ್ಟು, ಬೂದಿ, ಏನೂ ಬ್ಯಾಡ. ಪೆಟ್ಟಿನಾಗ ಬಂದ ಮೂಲ ಹೊಳಪು, ಲೋಹ ಹರಿದ ಗುರ್ತು ಇವೇ ನಿಮ್ಮ ಸಾಕ್ಷಿ, ತಿಕ್ಕಿದ್ರ ಅವೇ ಹೋಗ್ತಾವ, ಆಮ್ಯಾಲ ಖರೆ ನಾಣ್ಯನೂ ಯಾರೂ ನಂಬಂಗಿಲ್ಲ. ಪರೀಕ್ಷೆಗಂತ ಇನ್ನೊಂದು ನಾಣ್ಯ ಜಜ್ಜಿ ನೋಡೋದು, ಕರಗಿಸೋದೂ ಬ್ಯಾಡ, 2011ರ ನಾಣ್ಯ ಕಾಯ್ದೆ ನಾಣ್ಯ ಕರಗಿಸೋದು, ನಾಶ ಮಾಡೋದು ತಪ್ಪು ಅಂತದ.

ಮಾರೋ ವಿಚಾರಕ್ಕ ಒಂದೇ ಮಾತು, ನಾಣ್ಯ ಮಾರೋನು ನೀವು ಅಂದ್ಮ್ಯಾಲ ರೊಕ್ಕ ನಿಮ್ ಕಡಿ ಬರ್ಬೇಕು, ನಿಮ್ಮಿಂದ ಹೋಗಬಾರ್ದು. ರಿಜಿಸ್ಟ್ರೇಷನ್, ಜಿಎಸ್‌ಟಿ, ಕೊರಿಯರ್, ಏನ್ ಹೆಸರಿಟ್ಟು ಕೇಳಿದ್ರೂ ಒಂದು ಪೈಸಾ ಹಾಕಬ್ಯಾಡ್ರಿ. ಹಳಿ ನಾಣ್ಯ-ನೋಟು ಮಾರಾಟದಾಗ ನಮ್ಮ ಕೈ ಇಲ್ಲ, ಯಾವ ಫೀಸೂ ಕಮಿಷನ್ನೂ ತೊಗೊಳ್ಳಂಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ದಾಗ ಸಾಫ್ ಹೇಳ್ಯಾದ. ಈಗಾಗ್ಲೇ ರೊಕ್ಕ ಹೋಗಿದ್ರ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಕೂಡ್ಲೇ ಫೋನ್ ಹಚ್ರಿ, ಎಷ್ಟು ಲಗೂ ಹಚ್ತೀರೋ ಅಷ್ಟು ಒಳ್ಳೇದು. ಬೆಲಿ ನೋಡೋದಿದ್ರ ಯಾರೋ ಹೇಳ್ಕೊಂಡ ರೇಟು ಬಿಟ್ಟು ಹರಾಜಿನಾಗ ಖರೆಖರೆ ಮಾರಾಟ ಆದ ರೇಟು ನೋಡ್ರಿ.

ಇಡೋದು ಹೆಂಗಂದ್ರ, ಅಂಚು ಹಿಡ್ದು ಎತ್ತಿ ರಟ್ಟಿನ ಚೌಕದ ಹೋಲ್ಡರ್‌ದಾಗ ಹಾಕಿ, ಪೀವಿಸಿ ಪ್ಲಾಸ್ಟಿಕ್ ಚೀಲ ಬ್ಯಾಡ, ದಿನ ಹೋದಂಗ ನಾಣ್ಯಕ್ಕ ಹಸಿರು ಜಿಗಟು ಹತ್ತತದ. ಫೋಟೋ ಎರಡೂ ಮುಖದ್ದು, ಅಂಚಿಂದು, ಪಕ್ಕದಾಗ ಸರಿ ನಾಣ್ಯ ಇಟ್ಟು ಒಂದು, ತಕ್ಕಡಿ ಮ್ಯಾಲ ಒಂದು ತೆಗೀರಿ. ಜೋಡಿಗಿ ಒಂದು ಚೀಟಿ ಬರೀರಿ. ನಾನು ಬರಿಯೋದು ಹಿಂಗ: ಎರಡ್ರುಪಾಯಿ, ಇಸವಿ, ಹೈದರಾಬಾದ್ ಚಿಕ್ಕಿ, ತೂಕ 4.61, ಕ್ಲಿಪ್ ಐದು ಗಂಟೆ ಕಡಿ, ಎದುರಿನ ಏರು ಹನ್ನೊಂದು ಗಂಟೆ ಕಡಿ ಮೆತ್ತಗ, ಗಲ್ಲಾದಾಗ ಸಿಕ್ಕ ತಾರೀಖು.